ಅವ್ವನ ದನಿಯಲ್ಲಿ ಆಡಿದ ಮಾತು

ರತ್ನ, ಆ ವರ್ಷ ಹಿರಿಯರ ಹಬ್ಬದ ದಿನ ನನ್ನ ಮೈಮೇಲೆ ಸತ್ತುಹೋದ ನನ್ನವ್ವ ಬಂದಿರಲಿಲ್ಲ. ಯಾರೂ ಬಂದಿರಲಿಲ್ಲ. ಕೂದಲು ಕೆದರಿಕೊಂಡು, ಕಣ್ಣುಗುಡ್ಡೆ ಮೇಲೆ ಮಾಡಿಕೊಂಡು, ಬೇಕೆಂದೇ ಜೊಲ್ಲು ಸುರಿಸುತ್ತ ನಿನ್ನನ್ನೂ ನಿನ್ನ ತಾಯಿಯನ್ನೂ ಮನೆಯಿಂದ ಹೊರಗೆ ಹಾಕಿಸಿದವಳು ನಾನು—ಪೂರ್ತಿ ಎಚ್ಚರವಿದ್ದ, ಹದಿನೇಳು ವರ್ಷದ ಜಯಮ್ಮ.

ಇಷ್ಟು ಬರೆಯುವಷ್ಟರಲ್ಲೇ ಎದ್ದು ಹೋಗಿ ಬಾಯಿ ತೊಳೆದುಕೊಂಡು ಬಂದೆ. ಏನೂ ಹೋಗಲಿಲ್ಲ. ಎದುರಿಗೆ ನಿಂತು ಹೇಳಲು ಹೊರಟರೆ ನನ್ನ ನಾಲಿಗೆ ಎಲ್ಲಾದರೂ ಒಂದು ಕಡೆ ಜಾರಿಕೊಳ್ಳುತ್ತದೆ. ನನಗೂ ಆಗ ತಿಳಿವಳಿಕೆ ಇರಲಿಲ್ಲ ಎಂದು ಅಳಲು ಶುರುಮಾಡುತ್ತದೆ. ನೀನು ಅಯ್ಯೋ ಪಾಪ ಅಂದುಕೊಂಡು ನನ್ನ ಕಣ್ಣೊರೆಸುತ್ತೀಯ. ಆ ನಾಲಿಗೆಯ ಗುಣ ನನಗೆ ಚೆನ್ನಾಗಿ ಗೊತ್ತು, ಅದಕ್ಕೇ ಮೊದಲು ಬರೆಯುತ್ತಿದ್ದೇನೆ. ತಿಳಿವಳಿಕೆ ಇತ್ತು, ರತ್ನ. ಬೇಕಾದಷ್ಟಿತ್ತು.

ನಿನಗೆ ಆಗ ಆರೋ ಏಳೋ. ಎಷ್ಟು ನೆನಪಿದೆಯೋ ಕಾಣೆ—ಮಾಗಡಿ ರಸ್ತೆಯ ಪಕ್ಕದ ನಮ್ಮ ಸಾಲುಮನೆ, ಎರಡು ಕೋಣೆ, ಸಾಲಿಗೆಲ್ಲ ಒಂದೇ ನಲ್ಲಿ. ಅಪ್ಪ ಬಿನ್ನಿಪೇಟೆಯ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ. ನನ್ನವ್ವ ಪುಟ್ಟಮ್ಮ ಜ್ವರದಲ್ಲಿ ತೀರಿಕೊಂಡಿದ್ದಳು. ನಿನ್ನ ತಾಯಿ ಹೊನ್ನಮ್ಮ ಕೆಂಗೇರಿಯವಳು. ನೀನು ಅಂಬೆಗಾಲಿಡುವಾಗಲೇ ನಿನ್ನ ಹೆತ್ತ ಅಪ್ಪ ಹೋಗಿದ್ದ. ಗಂಡ ಸತ್ತವಳು, ಹೆಂಡತಿ ಸತ್ತವನು ಒಂದಾಗಲು ನಮ್ಮವರಲ್ಲಿ ಒಂದು ದಾರಿ ಇತ್ತು—ಕೂಡಾವಳಿ. ಚಪ್ಪರವಿಲ್ಲ, ವಾಲಗವಿಲ್ಲ, ಧಾರೆಯಿಲ್ಲ. ಮುತ್ತೈದೆಯರು ಆ ಕಡೆ ಸುಳಿಯುವುದಿಲ್ಲ. ನಾಲ್ಕು ಜನ ಹಿರಿಯರ ಮುಂದೆ ಗಂಡು ಒಂದು ಸೀರೆ ಕೊಟ್ಟು ತಾಳಿ ಕಟ್ಟಿದರೆ ಆಯಿತು. ಅಂದಿನಿಂದ ಅವಳು ಹೆಂಡತಿಯೇ, ಆದರೆ ಯಾರ ಮನೆಯ ಮದುವೆಯಲ್ಲೂ ಅರಿಶಿನದ ಬಟ್ಟಲು ಮುಟ್ಟುವಂತಿಲ್ಲ. ಕುರುಬರಹಳ್ಳಿಯಲ್ಲಿದ್ದ ನನ್ನ ಸೋದರತ್ತೆ, ಅಪ್ಪನ ಅಕ್ಕ, ನಿನ್ನ ತಾಯಿಯನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಕೂಡ್ಕೆ ಬಂದೋಳು" ಅನ್ನುತ್ತಿದ್ದಳು, ಅವಳಿಗೆ ಕೇಳುವ ಹಾಗೆ. ಅದನ್ನು ಕೇಳಿದರೆ ನನಗೆ ಒಳಗೊಳಗೇ ಹಿತವಾಗುತ್ತಿತ್ತು.

ತಾಳಿಯ ಜೊತೆಗೆ ಅಪ್ಪ ಇನ್ನೊಂದನ್ನೂ ಅವಳ ಕೊರಳಿಗೆ ಕಟ್ಟಿದ್ದ. ಸವತಿ ತಾಳಿ—ಸತ್ತ ಮೊದಲ ಹೆಂಡತಿಯ ಹೆಸರಿನಲ್ಲಿ ಎರಡನೆಯವಳು ಹಾಕಿಕೊಳ್ಳುವ ಚಿಕ್ಕ ಬೆಳ್ಳಿ ಬಿಲ್ಲೆ. ಸತ್ತವಳಿಗೆ ಹೊಟ್ಟೆಕಿಚ್ಚು ಬಂದು ಮನೆಗೆ ಕಾಟ ಕೊಡಬಾರದು ಎಂದು. ಹೆಚ್ಚಿನವರು ಕಟ್ಟಿಸಿಕೊಂಡು ಮರೆತುಬಿಡುತ್ತಾರೆ. ನಿನ್ನ ತಾಯಿ ಮರೆಯಲಿಲ್ಲ. ಹೊಸ ಸೀರೆ ಬಂದರೆ ಮಡಿಕೆ ಬಿಚ್ಚುವ ಮೊದಲು ಆ ಬಿಲ್ಲೆಗೆ ಮುಟ್ಟಿಸುತ್ತಿದ್ದಳು. ಹೂ ಮುಡಿಯುವ ಮೊದಲು ಒಂದು ಎಸಳು ಅದಕ್ಕೆ. "ಅಕ್ಕಾ, ಉಟ್ಕಳ್ಲಾ?" ಎಂದು ಮೆಲ್ಲಗೆ ಕೇಳುತ್ತಿದ್ದಳು, ಆಚೆ ಕೋಣೆಯಲ್ಲಿ ಯಾರೋ ಇದ್ದ ಹಾಗೆ. ನಾನು ಬಾಗಿಲ ಸಂದಿಯಿಂದ ನೋಡಿ ಮೂಗು ಮುರಿಯುತ್ತಿದ್ದೆ. ಆದರೂ ಮನಸ್ಸಿನಲ್ಲಿ ಒಂದು ಗುರುತು ಹಾಕಿಟ್ಟುಕೊಂಡೆ. ಇವಳು ನಿಜವಾಗಿ ನಂಬುತ್ತಾಳೆ. ಇವಳನ್ನು ಹಿಡಿಯಬೇಕಾದರೆ ಇಲ್ಲೇ ಹಿಡಿಯಬೇಕು.

ಅವಳು ನನಗೆ ಏನು ಕಡಿಮೆ ಮಾಡಿದ್ದಳು? ಈ ಪ್ರಶ್ನೆಯನ್ನು ಎಷ್ಟು ವರ್ಷ ಕೆದಕಿದ್ದೇನೆ—ಒಂದಾದರೂ ಸಿಕ್ಕಲಿ, ಒಂದು ಏಟು, ಒಂದು ಕೆಟ್ಟ ಮಾತು, ನನ್ನ ಪಾಪಕ್ಕೆ ಒರಗಿಕೊಳ್ಳಲು ಒಂದು ಗೋಡೆ. ಸಿಕ್ಕಲಿಲ್ಲ. ಬಿಸಿ ಮುದ್ದೆ ಮೊದಲು ನನ್ನ ತಟ್ಟೆಗೆ ಬೀಳುತ್ತಿತ್ತು, ತಳದ ಸೀಕು ನಿನ್ನ ತಟ್ಟೆಗೆ. ನಾನು ಅವಳನ್ನು ಒಂದು ದಿನವೂ ಚಿಕ್ಕವ್ವ ಅನ್ನಲಿಲ್ಲ. "ಇಲ್ನೋಡು" ಅನ್ನುತ್ತಿದ್ದೆ. ಅಷ್ಟಕ್ಕೇ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರುತ್ತಿದ್ದಳು. ನೀನಂತೂ ಜಯಕ್ಕ, ಜಯಕ್ಕ ಎಂದು ನನ್ನ ಲಂಗದ ಅಂಚು ಹಿಡಿದೇ ಓಡಾಡುತ್ತಿದ್ದೆ. ಅದನ್ನು ಒದರಿಕೊಳ್ಳುತ್ತಿದ್ದೆ ನಾನು.

ಆಗ ರಾಜಾಜಿನಗರ ಏಳುತ್ತಿತ್ತು. ಎಲ್ಲಿ ನೋಡಿದರೂ ಅರ್ಧ ಎದ್ದ ಗೋಡೆ, ಸುಣ್ಣದ ಗುಂಡಿ, ಮರಳಿನ ರಾಶಿ. ನಾನು ಆ ಕಡೆಗೆ ಹೊಲಿಗೆ ಕಲಿಯಲು ಹೋಗುತ್ತಿದ್ದೆ. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದ ಶಂಕರ ಎಂಬ ಹುಡುಗ ಸೈಕಲ್ಲು ಹಿಡಿದುಕೊಂಡು ದಾರಿಯಲ್ಲಿ ಕಾಯುತ್ತಿದ್ದ. ಈಗಿನವರು ಇದಕ್ಕೆ ಚಂದದ ಹೆಸರುಗಳನ್ನು ಇಟ್ಟುಕೊಂಡಿದ್ದಾರೆ. ಆಗ ನಮಗೆ ಹೆಸರು ಗೊತ್ತಿರಲಿಲ್ಲ, ಹೆದರಿಕೆ ಮಾತ್ರ ಗೊತ್ತಿತ್ತು. ಬಾಗಿಲು ಕೂರಿಸದ ಮನೆಗಳ ಒಳಗೆ ನಿಂತು ಮಾತಾಡುತ್ತಿದ್ದೆವು. ಅವನ ಕೈಯ ಗ್ರೀಸಿನ ವಾಸನೆ ನನಗೆ ಸುಗಂಧ ಅನ್ನಿಸುತ್ತಿತ್ತು. ಥೂ, ಈಗ ನೆನೆಸಿಕೊಂಡರೆ...

ಒಂದು ಸಂಜೆ, ಮರಗೆಲಸದವರು ಬಿಟ್ಟುಹೋದ ಚಕ್ಕೆ ಆರಿಸಿಕೊಳ್ಳಲು ಬಂದಿದ್ದ ನಿನ್ನ ತಾಯಿ ನಮ್ಮನ್ನು ನೋಡಿದಳು. ಕೂಗಲಿಲ್ಲ, ಹತ್ತಿರವೂ ಬರಲಿಲ್ಲ. ಸೆರಗಿನಲ್ಲಿ ಚಕ್ಕೆ ಕಟ್ಟಿಕೊಂಡು ತಲೆ ತಗ್ಗಿಸಿ ಹೋದಳು. ಅಪ್ಪ ಮನೆಯಲ್ಲಿಲ್ಲದ ಹೊತ್ತು ನೋಡಿ, ಒಲೆಯ ಮುಂದೆ ಕೂತು, ನನ್ನ ಮುಖ ನೋಡದೆ ಹೇಳಿದಳು:

"ಹುಡ್ಗ ಒಳ್ಳೇವ್ನಾದ್ರೆ ಮನೇಗ್ ಕರ್ಕಂಡ್ ಬಾರವ್ವ. ಹಂಗೆ ಕದ್ದು ನಿಂತ್ಕಬ್ಯಾಡ. ಹಬ್ಬ ಕಳೀಲಿ, ನಿಮ್ಮಪ್ಪಂಗೆ ನಾನೇ ನಿಧಾನುಕ್ಕೆ ಹೇಳ್ತೀನಿ. ಬಯ್ದ್ರೆ ನಂಗೆ ಬಯ್ಯಲಿ."

ಇದಕ್ಕಿಂತ ಒಳ್ಳೆಯ ಮಾತನ್ನು ಹೆತ್ತ ತಾಯಿಯೂ ಆಡುತ್ತಿರಲಿಲ್ಲ. ನನಗೆ ಅದರಲ್ಲಿ ಕೇಳಿಸಿದ್ದು ಒಂದೇ—ಹೇಳ್ತೀನಿ. ಮರುದಿನ ಶಂಕರನ ಮುಂದೆ ಬಾಯಿಬಿಟ್ಟೆ. ಅವನ ಮುಖ ಸುಣ್ಣದ ಹಾಗಾಯಿತು.

"ಮನೇಗಾ? ನಿಂಗೇನ್ ತಲೆ ಕೆಟ್ಟಿದ್ಯಾ? ನಿಮ್ಮಪ್ಪಂಗೇನಾದ್ರೂ ಗೊತ್ತಾದ್ರೆ ನಾನ್ ಈ ಕಡೆ ತಲೇನೂ ಹಾಕಲ್ಲ ಕಣೇ. ಮೊದ್ಲು ಆ ಹೆಂಗಸಿನ ಬಾಯಿ ಮುಚ್ಸು."

ಬುದ್ಧಿಯಿದ್ದವಳು ಅಲ್ಲಿಂದಲೇ ತಿರುಗಿ ಮನೆಗೆ ಬರುತ್ತಿದ್ದಳು. ನಾನು ಅವನನ್ನು ಬಿಡುವ ಬದಲು ಅವಳನ್ನು ಮನೆ ಬಿಡಿಸಲು ಕೂತೆ. ನಮ್ಮ ಸಾಲಿನಲ್ಲೇ ಒಬ್ಬಾಕೆಯ ಮೈಮೇಲೆ ದೇವರು ಬರುತ್ತಿತ್ತು; ಕತ್ತು ಹೇಗೆ ತೂಗುತ್ತಾಳೆ, ದನಿ ಹೇಗೆ ತೆಗೆಯುತ್ತಾಳೆ ಎಲ್ಲ ನೋಡಿದ್ದೆ. ಬಚ್ಚಲಿನ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದೆ. ನೀನು ಹೊರಗೆ ನಿಂತು ಬಾಗಿಲು ಬಡಿಯುತ್ತಿದ್ದೆ, "ಜಯಕ್ಕ, ಹೊಟ್ಟೆ ನೋವಾ?" ಎಂದು. ಹೌದು ಅಂದೆ.

ಹಬ್ಬದ ಅಮಾವಾಸ್ಯೆ ಬಂತು. ನಿನ್ನ ತಾಯಿ ಬೆಳಗಿನಿಂದ ಒಂದು ಹನಿ ನೀರೂ ಕುಡಿಯದೆ ನನ್ನವ್ವನಿಗಾಗಿ ಅಡುಗೆ ಮಾಡಿದಳು—ಕೋಳಿ ಸಾರು, ಮುದ್ದೆ, ವಡೆ, ಕಜ್ಜಾಯ. ಅವ್ವನ ಹೆಸರಿನಲ್ಲಿ ಹೊಸ ಸೀರೆಯೊಂದನ್ನು ಇಟ್ಟಳು. ಒಳಕೋಣೆಯಲ್ಲಿ ಎಡೆ ಹಾಕಿ, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂತೆವು. ಅಪ್ಪ, ಅತ್ತೆ, ಅಕ್ಕಪಕ್ಕದವರು, ನಿನ್ನ ತಾಯಿ, ಅವಳ ತೊಡೆಯ ಮೇಲೆ ನೀನು. ಬಾಗಿಲು ತೆಗೆದಾಗ ಧೂಪದ ಹೊಗೆ ಮುಖಕ್ಕೆ ಬಡಿಯಿತು. ನಾನು ಬಿದ್ದೆ. ತಲೆಗೆ ಏಟಾಗದ ಹಾಗೆ, ಲೆಕ್ಕ ಹಾಕಿ ಬಿದ್ದೆ.

ಅತ್ತೆಯೇ ಮೊದಲು ಓಡಿಬಂದವಳು. "ಯಾರವ್ವಾ ನೀನು? ಹೇಳು ತಾಯಿ, ಯಾರು ಬಂದಿರೋದು?" ಅಂದಳು. ಪುಟ್ಟಮ್ಮ ಅಂದೆ. ಅಪ್ಪ ನಂಬಲಿಲ್ಲ, ನನ್ನ ರಟ್ಟೆ ಹಿಡಿದು ಎಬ್ಬಿಸಲು ಬಂದ. ಅತ್ತೆ ಅವನನ್ನು ತಡೆದು, "ಪುಟ್ಟಮ್ಮನೇ ಆದ್ರೆ, ಸಾಯೋವಾಗ ಏನ್ ಕೇಳ್ದೆ ಹೇಳು" ಅಂದಳು.

ಅವ್ವ ಸಾಯುವಾಗ ಹತ್ತಿರವಿದ್ದದ್ದು ಅಪ್ಪ ಮತ್ತು ನಾನು. ಎಳನೀರು ಕೇಳಿದ್ದಳು. ಅಪ್ಪ ತರಲು ಓಡಿದ್ದ, ಬರುವಷ್ಟರಲ್ಲಿ ಮುಗಿದಿತ್ತು. ಆ ಮಾತನ್ನು ನಾವಿಬ್ಬರೂ ಒಬ್ಬರಿಗೊಬ್ಬರು ಕೂಡ ಎತ್ತಿ ಆಡಿದವರಲ್ಲ. "ಎಳ್ನೀರು... ತರ್ಲೇ ಇಲ್ಲ ನೀನು" ಅಂದೆ, ಅಪ್ಪನ ಕಡೆ ಕೈ ಮಾಡಿ. ಅಪ್ಪ ಗೋಡೆಗೆ ಒರಗಿ ಕೂತುಬಿಟ್ಟ. ಹೆತ್ತವಳ ಕೊನೆಯ ದಾಹವನ್ನು ಹೀಗೆ ಬೀದಿಗೆ ತಂದು ಮಾರಿದ ಇನ್ನೊಂದು ಹೆಣ್ಣನ್ನು ನಾನು ಕಂಡಿಲ್ಲ. ಕನ್ನಡಿಯಲ್ಲಿ ಮಾತ್ರ ಕಾಣುತ್ತೇನೆ.

ಆಮೇಲೆ ಆ ಮಾತು ಆಡಿದೆ. "ನನ್ ಮಗ್ಳ ಅನ್ನಾನ ಇವಳ ಮಗಳು ಉಣ್ತಾವ್ಳೆ. ಇವ್ರಿಬ್ರೂ ಈ ಹೊಸ್ಲು ದಾಟ್ಲಿ. ದಾಟ್ನಿಲ್ಲ ಅಂದ್ರೆ ಒಂದ್ ಜೀವ ತಕ್ಕಂಡೇ ಹೋಯ್ತೀನಿ."

ಯಾರ ಜೀವ ಎಂದು ನಾನು ಯೋಚಿಸಿರಲಿಲ್ಲ. ಹೆದರಿಸಲು ಅಂದದ್ದು. ಆದರೆ ನಿನ್ನ ತಾಯಿ ಯೋಚಿಸಿದಳು. ನಿನ್ನನ್ನು ಕೆಳಗಿಳಿಸಿ, ತೆವಳಿಕೊಂಡು ಬಂದು ನನ್ನ ಎರಡೂ ಪಾದ ಹಿಡಿದುಕೊಂಡಳು. ಹದಿನೇಳರ ಹುಡುಗಿಯ ಪಾದ, ರತ್ನ. ಅವಳ ಹಣೆ ನನ್ನ ಕಾಲ್ಬೆರಳಿಗೆ ತಗುಲಿತ್ತು. "ಅಕ್ಕಾ, ನಿನ್ ಮಗ್ಳಿಗೆ ಏನೂ ಮಾಡ್ಬ್ಯಾಡ. ಜಯನ್ನ ಬುಟ್ಬುಡು. ನಾನು ಹೊಂಟೋಯ್ತೀನಿ. ನಾಳೀಕೇ ಹೊಂಟೋಯ್ತೀನಿ. ಹುಡ್ಗೀ ಮೈಯಿಂದ ಇಳ್ದುಬುಡಕ್ಕ" ಅಂದಳು.

ಅವಳು ತನಗಾಗಿ ಹೆದರಿದ್ದಲ್ಲ. ನನಗಾಗಿ ಹೆದರಿದ್ದು. ಆ ಕ್ಷಣದಲ್ಲಿ ನನಗೆ ಅದು ತಿಳಿಯಿತು, ಚೆನ್ನಾಗಿ ತಿಳಿಯಿತು—ಆದರೂ ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಗಲ್ಲದ ಮೇಲೆ ಜೊಲ್ಲು ಒಣಗುತ್ತಿತ್ತು, ಒರೆಸಿಕೊಂಡರೆ ಸುಳ್ಳು ಬಯಲಾಗುತ್ತದೆ ಎಂದು ಹಾಗೇ ಬಿಟ್ಟಿದ್ದೆ. ಶಂಕರನ ವಿಷಯ ಅವಳ ಬಾಯಲ್ಲಿತ್ತು. ಒಂದು ಮಾತು ಆಡಿದ್ದರೆ ನನ್ನ ಆಟ ಅಲ್ಲಿಗೇ ಮುಗಿಯುತ್ತಿತ್ತು. ಆಡಲಿಲ್ಲ. ಎಂದೂ ಆಡಲಿಲ್ಲ.

ಬೆಳಗ್ಗೆ ಗಂಟು ಕಟ್ಟಿದಳು. ಅಪ್ಪ ಬೇಡ ಎಂದ. ಆಮೇಲೆ ತಾನೇ ಅವಳನ್ನು ಬಸ್ಸಿಗೆ ಹತ್ತಿಸಿ ನೇರವಾಗಿ ಮಿಲ್ಲಿಗೆ ಹೋದ, ಕೆಲಸ ತಪ್ಪಿಸಲಿಲ್ಲ. ಅವನ ಮೇಲೆ ಕೂಡ ನನಗೆ ಹೇಸಿಗೆಯಾಗುತ್ತದೆ, ಆದರೆ ಅವನನ್ನು ಆ ಸ್ಥಿತಿಗೆ ತಂದವಳೇ ನಾನಾದ್ದರಿಂದ ಆ ಹೇಸಿಗೆಯೂ ತಿರುಗಿ ನನ್ನ ಮನೆಗೇ ಬರುತ್ತದೆ. ನೀನು ಹೊರಡುವಾಗ ನನ್ನ ಲಂಗ ಹಿಡಿದು, "ಜಯಕ್ಕ, ನೀನೂ ಬಾ" ಅಂದೆ. ನಾನು ಗೋಡೆಯ ಕಡೆ ತಿರುಗಿಕೊಂಡೆ.

ಆಮೇಲೆ ಏನಾಯಿತು ಗೊತ್ತೆ? ಹೆಂಗಸರು ನಿಂಬೆಹಣ್ಣು ಹಿಡಿದುಕೊಂಡು ನನ್ನ ಹತ್ತಿರ ಬರತೊಡಗಿದರು. ಕಳೆದುಹೋದ ಕಾಲುಗೆಜ್ಜೆ, ಕುಡಿಯುವ ಗಂಡ, ನಿಲ್ಲದ ಬಸಿರು. ನಾನು ಕಣ್ಣು ಮುಚ್ಚಿಕೊಂಡು ಬಾಯಿಗೆ ಬಂದದ್ದು ಹೇಳುತ್ತಿದ್ದೆ, ಅವರು ಕೈಮುಗಿಯುತ್ತಿದ್ದರು. ಅದು ನನಗೆ ಇಷ್ಟವಾಯಿತು. ಬೇಕಾದರೆ ಈ ಸಾಲನ್ನು ನನ್ನಿಂದ ಎರಡು ಸಲ ಓದಿಸು. ಅತ್ತೆ ನನ್ನ ತಟ್ಟೆಗೆ ತುಪ್ಪ ಹಾಕುತ್ತಿದ್ದಳು. ಮಾಡಬಾರದ್ದು ಮಾಡಿದ ಮೇಲೆ ನಿದ್ದೆ ಬರುವುದಿಲ್ಲ ಅನ್ನುತ್ತಾರಲ್ಲ, ನನಗೆ ಚೆನ್ನಾಗಿ ಬಂತು.

ಶಂಕರ ಕೆಲವೇ ತಿಂಗಳಲ್ಲಿ ತನ್ನ ಅಕ್ಕನ ಮಗಳನ್ನು ಮದುವೆಯಾದ. ಕೊನೆಯ ಸಲ ಸಿಕ್ಕಾಗ ಸೈಕಲ್ಲಿನಿಂದ ಕೆಳಗೂ ಇಳಿಯಲಿಲ್ಲ. "ಮೈಮೇಲೆ ಬರೋ ಹುಡ್ಗೀನ ನಮ್ಮನೇಲಿ ಒಪ್ಪಲ್ಲ ಕಣೇ. ನೀನೇ ಯೋಚ್ನೆ ಮಾಡು" ಅಂದ. ಯಾರಿಗಾಗಿ ಹಾಕಿದ ವೇಷವೋ ಅವನೇ ಅದನ್ನು ನೆಪ ಮಾಡಿಕೊಂಡು ನಡೆದ. ಅತ್ತುಕೊಂಡು ಮನೆಗೆ ಬಂದೆ. ಸಮಾಧಾನ ಮಾಡಲು ಒಲೆಯ ಮುಂದೆ ಯಾರೂ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಹೆದರಿ ಮಾಡಿದೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ನಿಲ್ಲಲಿಲ್ಲ. ಮರುವರ್ಷ ಅಪ್ಪ ಊಟಕ್ಕೆ ಕೂತವನು, ತಟ್ಟೆ ನೋಡುತ್ತಾ, "ಕೆಂಗೇರಿಗ್ ಹೋಗ್ಬುಟ್ ಬರ್ಲಾ ಅಂತಿದೀನಿ. ಪಾಪ, ಆ ಮಗೀಗಾದ್ರೂ..." ಅಂದ. ಮಾತು ಮುಗಿಸಲು ನಾನು ಬಿಡಲಿಲ್ಲ. ಕೈಯಲ್ಲಿದ್ದ ಪಾತ್ರೆ ಬೀಳಿಸಿ ತಲೆ ತೂಗಿದೆ. ಸ್ವಲ್ಪವೇ ತೂಗಿದ್ದು. ಅಪ್ಪ ಎಂಜಲು ಕೈಯಲ್ಲೇ ಎದ್ದು ನನಗೆ ಕೈಮುಗಿದ, "ಆಯ್ತು, ಹೋಗಲ್ಲ, ಹೋಗಲ್ಲ" ಅಂದ. ಆ ಹೊತ್ತಿಗೆ ಶಂಕರನಿಲ್ಲ, ಮುಚ್ಚಿಡುವ ಗುಟ್ಟಿಲ್ಲ, ನಿನ್ನ ತಾಯಿಯಿಂದ ನನಗೆ ಒಂದಿಷ್ಟೂ ಭಯವಿಲ್ಲ. ಮತ್ತೆ ಏಕೆ? ನನ್ನನ್ನು ಕಂಡು ಒಂದು ಮನೆ ನಡುಗುವುದು ರುಚಿಯಾಗಿತ್ತು, ಅದಕ್ಕೆ. ಬೇರೆ ಕಾರಣವಿಲ್ಲ. ಹುಡುಕುವುದನ್ನೂ ಬಿಟ್ಟಿದ್ದೇನೆ.

ನಾನು ಮದುವೆಯಾಗಿ ಹೋದೆ. ಅಪ್ಪ ಒಬ್ಬನೇ ಬೇಯಿಸಿಕೊಂಡು ತಿಂದು, ಒಬ್ಬನೇ ಎದೆನೋವಿನಲ್ಲಿ ಸತ್ತ. ಸುದ್ದಿ ಕೇಳಿ ನಿನ್ನ ತಾಯಿ ಬಂದಳು. ಒಳಗೆ ಬರಲಿಲ್ಲ. ರಸ್ತೆಯ ಆಚೆ ಬದಿ, ಬಿಸಿಲಿನಲ್ಲಿ, ನಿನ್ನ ಕೈ ಹಿಡಿದುಕೊಂಡು ನಿಂತಿದ್ದಳು. ತಾಳಿ ಕಟ್ಟಿಸಿಕೊಂಡವಳು ಗಂಡನ ಮುಖವನ್ನು ಚಟ್ಟ ಬೀದಿಗೆ ಬಂದ ಮೇಲೆ ನೋಡಿದಳು. ನಾನು ಹತ್ತಿರ ಹೋದೆ. ಏನು ಹೇಳಲು ಹೋದೆನೋ... ಅವಳೇ ಮೊದಲು ಕೇಳಿದಳು, "ನಿಂಗೆ ಆಮೇಲೇನೂ ತೊಂದ್ರೆ ಆಗ್ನಿಲ್ವಲ್ಲವ್ವಾ? ಅಕ್ಕ ಸಮಾಧಾನವಾಗವ್ಳಾ?"

"ಹೂಂ" ಅಂದೆ. ಅವಳ ಮುಖದಲ್ಲಿ ನೆಮ್ಮದಿ ಕಾಣಿಸಿತು. ಆ ನೆಮ್ಮದಿಯನ್ನು ನೋಡಿಯೂ ನಾನು ನಿಜ ಹೇಳಲಿಲ್ಲ. ಅದೇ ನೆಮ್ಮದಿಯಲ್ಲಿ, ಅದೇ ಸುಳ್ಳಿನ ಮೇಲೆ ತಲೆಯಿಟ್ಟು ಅವಳು ಮುದುಕಿಯಾದಳು, ಸತ್ತಳು. ಸತ್ತಾಗ ಬಂದಿದ್ದೆ. ಹಿರಿಯ ಮಗಳು ಎಂದು ನೀನೇ ನನ್ನನ್ನು ಮುಂದೆ ಕರೆದು ಬಾಯಿಗೆ ಅಕ್ಕಿ ಹಾಕಿಸಿದೆ. ಹಾಕಿದೆ.

ಮೊನ್ನೆ ನೀನು ವಿಜಯನಗರದ ನನ್ನ ಮನೆಗೆ ಬಂದೆ. ಇಷ್ಟು ವರ್ಷದಲ್ಲಿ ಎಷ್ಟು ಕರೆದರೂ ಒಳಗೆ ಬಾರದವಳು ಮೊನ್ನೆಯೂ ಗೇಟಿನ ಹೊರಗೇ ನಿಂತೆ. ನಾನು ತಂದುಕೊಟ್ಟ ನೀರನ್ನು ಅಲ್ಲೇ ಕುಡಿದೆ. ನಿನ್ನ ಮಗಳಿಗೆ ಎರಡು ಸಲ ಬಸಿರು ನಿಲ್ಲಲಿಲ್ಲ, ಈಗ ತಿಂಗಳು ತುಂಬುತ್ತಾ ಬಂದಿದೆ, ಮಲಗಿದರೆ ಬೆಚ್ಚಿಬೀಳುತ್ತಾಳೆ ಎಂದೆ. ಆಮೇಲೆ ಸೆರಗು ಬಾಯಿಗೆ ಹಿಡಿದುಕೊಂಡು ಅಂದೆ:

"ಜಯಕ್ಕ, ದೊಡ್ಡವ್ವಂಗೆ ನಮ್ಮೇಲೆ ಇನ್ನೂ ಕೋಪ ಇದ್ಯೇನೋ. ನಿನ್ ಅನ್ನ ಉಂಡೋಳು ನಾನಲ್ವಾ? ನನ್ ಮಗ್ಳ ಹೊಟ್ಟೇಗೆ ತಟ್ಟುತ್ತಾ ಅದೇನೋ. ನಿನ್ ಮೈಮೇಲೆ ಕರ್ಸಿ ಒಂದ್ಸಲ ಕೇಳ್ಬುಡು. ಭಾನ್ವಾರ ನಿಂಬೆಹಣ್ಣು ತಕ್ಕಂಡ್ ಬರ್ತೀನಿ."

ನಿನಗೆ ಹೇಳಿಬಿಡುತ್ತೇನೆ, ಆಗ ನನ್ನೊಳಗೆ ಮೊದಲು ಎದ್ದದ್ದು ಪಶ್ಚಾತ್ತಾಪವಲ್ಲ. ಎಷ್ಟು ಸುಲಭ, ಅನ್ನಿಸಿತು. ಇನ್ನೊಂದು ಸಲ ತಲೆ ತೂಗಿ, ಕೋಪವಿಲ್ಲ, ಚೆನ್ನಾಗಿರಿ, ಅಂದರೆ ಸಾಕು; ನಿನಗೂ ನೆಮ್ಮದಿ, ನನ್ನ ಮಾನವೂ ಉಳಿಯುತ್ತದೆ. ಈ ವಯಸ್ಸಿನಲ್ಲಿ, ಹಲ್ಲು ಬಿದ್ದ ಈ ಬಾಯಲ್ಲಿ, ಆ ಹಳೆಯ ರುಚಿ ಮತ್ತೆ ನೀರೂರಿಸಿತು. "ಬಾ, ನೋಡೋಣ" ಅಂದೆ. ನೀನು ಕೈಮುಗಿದು ಹೋದೆ. ನಾನು ಗೇಟಿನ ಹತ್ತಿರವೇ ಕೂತುಬಿಟ್ಟೆ.

ನಾನು ಒಬ್ಬಳನ್ನು ಮನೆಯಿಂದ ಓಡಿಸಿದೆ ಅಂದುಕೊಂಡಿದ್ದೆ. ಅಷ್ಟಕ್ಕೇ ಮುಗಿಯಲಿಲ್ಲ. ಆರೇಳು ವರ್ಷದ ಕೂಸು ನಾಲ್ಕು ತುತ್ತು ಉಂಡದ್ದನ್ನು ನಾನು ಪಾಪ ಎಂದು ಕರೆದೆ, ನೀನು ಅದನ್ನು ನಂಬಿಕೊಂಡು ಬೆಳೆದೆ, ಈಗ ನಿನ್ನ ಮಗಳ ಹೊಟ್ಟೆಗೂ ಕೊಟ್ಟಿದ್ದೀಯ. ನನ್ನವ್ವ ಹೊಟ್ಟೆಕಿಚ್ಚಿನವಳಾಗಿರಲಿಲ್ಲ, ರತ್ನ. ಬದುಕಿದ್ದರೆ ನಿನ್ನನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಳ್ಳುತ್ತಿದ್ದಳು. ಅವಳಿಗೂ ನಾನು ದ್ರೋಹ ಮಾಡಿದೆ.

ಭಾನುವಾರ ನೀನು ಬರಬೇಡ. ನಾನೇ ನಾಳೆ ಬೆಳಗಿನ ಬಸ್ಸಿಗೆ ಕೆಂಗೇರಿಗೆ ಬರುತ್ತೇನೆ. ಈ ಕಾಗದವನ್ನು ನಿನ್ನ ಮುಂದೆಯೂ ನಿನ್ನ ಮಗಳ ಮುಂದೆಯೂ ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ, ಎಲ್ಲೂ ಅಳುವುದಿಲ್ಲ, ಎಲ್ಲೂ ಬಿಡುವುದಿಲ್ಲ. ಆ ಹುಡುಗಿ ಹೆದರಿಕೊಂಡು ಹೆರಬಾರದು. ಅವಳು ಹೆದರಬೇಕಾದ ಸತ್ತವಳು ಯಾರೂ ಇಲ್ಲ. ಇರುವುದು ಒಬ್ಬಳು ಬದುಕಿರುವ ಮುದುಕಿ, ಅವಳೇ ಬಂದು ಎದುರಿಗೆ ನಿಂತಿರುತ್ತಾಳೆ. ಓದಿ ಮುಗಿಸಿದ ಮೇಲೆ ನೀನು ನನ್ನ ಮುಖಕ್ಕೆ ಉಗಿಯಬೇಕೆನಿಸಿದರೆ ಉಗಿ. ನಾನು ಒರೆಸಿಕೊಳ್ಳುವುದಿಲ್ಲ.